ಔರಾದ ಬಸ್ಸಿನಲ್ಲಿ ಪ್ಲೇಆಫ್

ಏಪ್ರಿಲ್ ಬಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನ ಕೊನೆಯ ಹಂತ, ಪ್ಲೇಆಫ್, ಶುರುವಾಯಿತೆಂದರೆ ಬೀದರಿನ ನಮ್ಮ ಮನೆಯಲ್ಲಿ ಏನಾದರೊಂದು ನಡೆಯದೆ ಇರುವುದಿಲ್ಲ. ನಾನು ಮಂಡ್ಯದವಳು, ಕಾಲೇಜಿನಲ್ಲಿ ಈ ಆಟ ಆಡಿದವಳು. ಮದುವೆಯಾಗಿ ಇಲ್ಲಿಗೆ ಬಂದು ಕೂದಲೆಲ್ಲ ಬೆಳ್ಳಗಾದರೂ ಹುಚ್ಚು ಮಾತ್ರ ಬಿಟ್ಟಿಲ್ಲ. ಅಲ್ಲಿ ರಾತ್ರಿ ಆಡುವ ಆಟ ನಮಗೆ ನಸುಕಿಗೆ ಬರುತ್ತದೆ. ವಯಸ್ಸಾದವರಿಗೆ ಬಲು ಅನುಕೂಲ, ಹೇಗೂ ನಿದ್ದೆ ಇರುವುದಿಲ್ಲ. ಲೀಗಿನಲ್ಲಿ ಕೈ ಬೀಸಿಕೊಂಡು ಓಡಾಡುವವರೂ ಪ್ಲೇಆಫಿನಲ್ಲಿ ಒಂದು ಚೆಂಡಿಗಾಗಿ ನೆಲಕ್ಕೆ ಬೀಳುತ್ತಾರೆ. ಅದನ್ನು ನೋಡುವುದೇ ಒಂದು ಭಾಗ್ಯ.

ಈ ವರ್ಷ ನನ್ನ ಮೆಚ್ಚಿನ ತಂಡ ಬಹಳ ಕಾಲದ ಮೇಲೆ ಪ್ಲೇಆಫಿಗೆ ಬಂದಿತ್ತು, ಅದೂ ಕಟ್ಟಕಡೆಯ ಜಾಗ ಹಿಡಿದು. ಎದುರಾಳಿಯೋ, ಇಡೀ ಲೀಗಿಗೆ ಮೊದಲಿನದು. ನಮ್ಮ ನಾಯಕನಿಗೆ ಇದೇ ಕೊನೆಯ ವರ್ಷ. ಅವನು ಒಂದಾದರೂ ಆಟ ಗೆದ್ದು ಹೋಗಲಿ, ಅದನ್ನು ನಾನು ಕಣ್ಣಾರೆ ನೋಡಲಿ ಎಂಬುದಷ್ಟೇ ನನ್ನ ಆಸೆ.

ಮುತ್ಯಾ

ಬಾಜೂ ಮನೆಯ ಹಿರಿಯಾಕೆಯನ್ನು ಓಣಿಯೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತದೆ. ಬೆಳಗಿನ ಚಹಾ ನಮ್ಮ ಮನೆಯಲ್ಲೇ. ಪ್ಲೇಆಫಿಗೆ ಕೆಲವು ದಿನ ಮೊದಲು ಒಮ್ಮೆ ಕಪ್ಪು ಹಿಡಿದು ಟೀವಿ ಮುಂದೆ ನಿಂತರು.

"ಆ ಮೊಣಕಾಲಿಗಿ ಪಟ್ಟಿ ಕಟ್ಟಿದಂವಾ ಯಾರ್ರಿ ಅಕ್ಕಾ?"

"ನಮ್ಮ ನಾಯಕ ಕಣ್ರೀ. ಮೂವತ್ತೊಂಬತ್ತು ವರ್ಷ. ಈ ಆಟದಲ್ಲಿ ಅವನು ಮುದುಕ."

"ಮೂವತ್ತೊಂಬತ್ತಕ್ಕ ಮುದುಕ ಅಂದ್ರ ನಮಗೇನಂತಾರ?"

"ನಮ್ಮನ್ನ ಒಳಗೇ ಬಿಡೋದಿಲ್ಲ."

ಅಂದಿನಿಂದ ಕಾಕು ಬಾಯಲ್ಲಿ ಅವನು ಮುತ್ಯಾ, ಅಂದರೆ ಅಜ್ಜ, ಆದ. ಮುತ್ಯಾ ಆಗ ಮೂವರನ್ನು ದಾಟಿ ರಿಂಗಿನ ಕೆಳಗೆ ನೆಗೆದ. ಎಲ್ಲರೂ ಅವನ ಮೇಲೆ ಮುಗಿಬಿದ್ದರು. ಅವನು ತಿರುಗಿಯೂ ನೋಡದೆ ಚೆಂಡನ್ನು ಪಕ್ಕದ ಹುಡುಗನ ಕೈಗೆ ಕೊಟ್ಟುಬಿಟ್ಟ. ಹುಡುಗ ಸಲೀಸಾಗಿ ಹಾಕಿದ. ಕಾಕು ಕಪ್ಪು ಕೆಳಗಿಟ್ಟರು.

"ತಾನ ಹಾಕಬೌದಿತ್ತು. ಬಾಜೂದವಗ ಕೊಟ್ಟ ನೋಡ್ರಿ. ದೊಡ್ಡ ಮನಶಾ."

ಅದೇ ಹೊತ್ತಿಗೆ ನಮ್ಮವರು ತಟ್ಟೆಯಲ್ಲಿದ್ದ ಕೊನೆಯ ಟೋಸ್ಟಿಗೆ ಕೈ ಹಾಕಿದ್ದರು.

"ಅಣ್ಣಾರೆ," ಎಂದರು ಕಾಕು, "ಈಗ ಟೀವಿದಾಗ ಏನು ನೋಡಿದ್ರಿ?"

ಟೋಸ್ಟು ಸದ್ದಿಲ್ಲದೆ ನನ್ನ ಕಡೆಗೆ ಬಂತು.

ಏಳು ಆಟ

ಭಾಲ್ಕಿಯಲ್ಲಿ ನನ್ನ ಮೈದುನನದು ಸೀರೆ ಅಂಗಡಿ. ಪ್ಲೇಆಫಿನ ಹಿಂದಿನ ವಾರ ಅವನ ಮನೆಗೆ ಹೋದಾಗ ನನ್ನ ವಿವರಣೆಯೆಲ್ಲ ಕೇಳಿ ಒಂದೇ ತಕರಾರು ತೆಗೆದ.

"ವೈನಿ, ಅದೇ ತಂಡದ ಜೋಡಿ ಏಳು ಸಲ ಯಾಕ ಆಡಬೇಕು? ಒಂದರಾಗ ಮುಗಸಬೇಕಪಾ."

"ಒಂದು ದಿನ ಯಾರು ಬೇಕಾದ್ರೂ ಚೆನ್ನಾಗಿ ಆಡಿಬಿಡ್ತಾರೆ. ಮತ್ತೆ ಮತ್ತೆ ಆಡಿದಾಗಲೇ ನಿಜವಾದ ಗುಣ ಗೊತ್ತಾಗೋದು. ನಾಲ್ಕು ಗೆದ್ದೋರು ಮುಂದಕ್ಕೆ ಹೋಗ್ತಾರೆ."

"ಗಿರಾಕಿ ಏಳು ಸಲ ಬಂದು ಒಂದು ಸೀರಿ ನೋಡಿದ್ರ ನಾ ಬದಕ್ತೇನೇನು?"

"ಅದಿರಲಿ, ನಿಮ್ಮ ಅಳಿಯನ್ನ ಎಷ್ಟು ಸಲ ನೋಡಿ ಒಪ್ಪಿದ್ರಿ?"

"ಒಂದ ಸಲ," ಎಂದವನು ಪಡಸಾಲೆಯತ್ತ ನೋಡಿದ. ಬಿಸಿಲೇರಿದ್ದರೂ ಅಳಿಯ ಚಾದರ ಹೊದ್ದು ಮಲಗಿದ್ದ. ಮೈದುನ ದನಿ ತಗ್ಗಿಸಿದ.

"ಏಳು ಛಲೋ ಅದ ವೈನಿ. ಒಂಬತ್ತ ಇಟ್ರೂ ನಡೀತದ."

ಸಂತಪುರದ ನಿಲ್ದಾಣ

ಮೊದಲ ಆಟದ ದಿನವೇ ಔರಾದಿನಲ್ಲಿ ನಾದಿನಿಯ ಮಗಳ ಕುಬಸ, ಅಂದರೆ ನಮ್ಮ ಕಡೆಯ ಸೀಮಂತ. ರೈಲಿಲ್ಲದ ಊರು, ಬೆಳಗಿನ ಬಸ್ಸು ತಪ್ಪಿದರೆ ಕಾರ್ಯವೇ ತಪ್ಪಿದಂತೆ. ಮೊದಲರ್ಧ ಮನೆಯಲ್ಲಿ ನೋಡಿ, ಉಳಿದದ್ದನ್ನು ಮೊಬೈಲಿನಲ್ಲಿ ಹಚ್ಚಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕಾಕು, ಅವರ ತೊಡೆಯ ಮೇಲೆ ಬಸುರಿಗೆಂದು ಕಟ್ಟಿದ ಶೇಂಗಾ ಉಂಡಿಯ ಡಬ್ಬಿ. ಹಿಂದಿನ ಸೀಟಿನಲ್ಲಿ ನಮ್ಮವರಿಗೆ ಕೂತೊಡನೆ ನಿದ್ದೆ.

ಸಂತಪುರದಲ್ಲಿ ಬಸ್ಸು ನಿಂತಾಗ ನಾವು ಒಂದು ಅಂಕ ಹಿಂದೆ, ಆಟಕ್ಕೆ ಇನ್ನೊಂದೇ ಸೆಕೆಂಡು. ಎದುರಾಳಿ ಮುತ್ಯಾನನ್ನು ತಳ್ಳಿ ಕೆಡವಿದ್ದಕ್ಕೆ ಎರಡು ಫ್ರೀ ಥ್ರೋ ಸಿಕ್ಕವು. ಆಗ ಯಾರೂ ಅಡ್ಡ ಬರುವಂತಿಲ್ಲ. ಗೆರೆಯ ಹಿಂದೆ ಒಬ್ಬನೇ ನಿಂತು ಚೆಂಡನ್ನು ರಿಂಗಿಗೆ ಹಾಕಬೇಕು.

ಮುತ್ಯಾ ಚೆಂಡನ್ನು ಅಂಗೈ ಮೇಲೆತ್ತಿ, ಕಣ್ಣು ಕದಲಿಸದೆ ನಿಂತ. ಕಾಕು ದಿನವೂ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮಾಡುವವರು. ಆ ನೋಟ ಅವರಿಗೆ ಗೊತ್ತು. ಮುಂದಿನ ಸೀಟಿನವನ ಮೊಬೈಲಿನಲ್ಲಿ ಹಾಡು ಕಿರುಚುತ್ತಿತ್ತು. ಕಾಕು ಅವನ ಹೆಗಲು ತಟ್ಟಿದರು.

"ಯಪ್ಪಾ, ಅದು ಬಂದ್ ಮಾಡು. ಪೂಜಾ ನಡದದ."

ಹಾಡು ನಿಂತಿತು. "ಪೂಜಾ ನಡದದಂತ" ಎಂಬ ಮಾತು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಒಬ್ಬಾಕೆ ತಲೆಯ ಮೇಲೆ ಸೆರಗು ಹೊದ್ದಳು. ಕೆಲವರು ಚಪ್ಪಲಿ ಬಿಟ್ಟರು. ಕಂಡಕ್ಟರ್ ತುಟಿಗಿಟ್ಟ ವಿಸಿಲ್ಲನ್ನು ಊದದೆ ಕೆಳಗಿಳಿಸಿದ. ಡ್ರೈವರ್ ಇಂಜಿನ್ ಬಂದ್ ಮಾಡಿದ.

ಮೊದಲ ಚೆಂಡು ಒಳಗೆ ಬಿತ್ತು. ಅಂಕ ಸಮ. ಎರಡನೆಯದನ್ನು ಎತ್ತಿದ, ಬಿಟ್ಟ. ಚೆಂಡು ಗಾಳಿಯಲ್ಲಿರುವಾಗಲೇ ನೆಟ್‌ವರ್ಕ್ ಹೋಗಿ ಪರದೆಯ ಮೇಲೆ ಚಕ್ರ ಸುತ್ತತೊಡಗಿತು. ಬಸ್ಸಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

"ಇನ್ನಾ ಎಷ್ಟೊತ್ತದರಿ ಅವ್ವಾ?" ಡ್ರೈವರ್ ಪಿಸುಗುಟ್ಟಿದ.

"ದೇವ್ರ ಕೈಯಾಗಿಲ್ಲಪಾ," ಎಂದರು ಕಾಕು. "ಟವರಿನ ಕೈಯಾಗದ."

ಚಕ್ರ ನಿಂತಿತು. ಮುತ್ಯಾನನ್ನು ಅವನ ಹುಡುಗರು ಹೆಗಲ ಮೇಲೆ ಹೊತ್ತಿದ್ದರು. ಕಣ್ಣು ತುಂಬಿ ನನಗೆ ಅಂಕ ಕಾಣಿಸಲಿಲ್ಲ. ಕಾಕು ಓದಿ ಹೇಳಿದರು. ಒಂದು ಅಂಕದಿಂದ ಗೆದ್ದಿದ್ದೆವು. ನಾನು ಮೊಬೈಲಿಗೆ ಕೈ ಮುಗಿದೆ. ಅದನ್ನು ಕಂಡು ಇಡೀ ಬಸ್ಸು ಕೈ ಮುಗಿಯಿತು. ಮರುಕ್ಷಣವೇ ಆ ಕೈಗಳೆಲ್ಲ ನಮ್ಮತ್ತ ಚಾಚಿದವು.

"ಪ್ರಸಾದ ಕೊಡ್ರಿ ಅವ್ವಾ," ಎಂದ, ಹಾಡು ಹಚ್ಚಿದ್ದವನು.

ಕಾಕು ನನ್ನ ಮುಖ ನೋಡಿದರು. ಇಲ್ಲವೆನ್ನುವುದು ಹೇಗೆ? ಡಬ್ಬಿ ತೆರೆದರು. ಔರಾದ ಮುಟ್ಟಿದಾಗ ಬಸುರಿಯ ಉಡಿಗೆ ಹಾಕಲು ಒಂದು ಉಂಡಿಯೂ ಉಳಿದಿರಲಿಲ್ಲ. ಪೇಟೆಯಲ್ಲಿ ಪೇಢೆ ಕೊಂಡು ಕಾರ್ಯ ನಡೆಸಿದೆವು.

ಸಂಜೆ ಮರಳುವಾಗ ಅದೇ ಬಸ್ಸು, ಅದೇ ಕಂಡಕ್ಟರ್. ಟಿಕೆಟ್ ಹರಿಯುತ್ತ ಭಕ್ತಿಯಿಂದ ಬಗ್ಗಿ ಕೇಳಿದ.

"ಮುಂದಿನ ಪೂಜಾ ಯಾವತ್ತದರಿ ಅವ್ವಾ? ಇದೇ ಗಾಡಿ ಮ್ಯಾಲ ಡ್ಯೂಟಿ ಹಾಕಿಸ್ಕೋತೇನಿ."

"ಮಂಗಳವಾರ ಅದಪಾ," ಎಂದರು ಕಾಕು. "ಉಂಡಿ ಮಾತ್ರ ನೀನ ತರಬೇಕು."