ಖಾಲಿ ಸೈಟಿಗೆ ಬಂದ ವೆಂಕಟರಮಣ

ದೇವರಲ್ಲಿ ಏನಾದರೂ ಬೇಡುವಾಗ ಬಿಡಿಸಿ ಬೇಡಬೇಕು. ಇದು ಯಾವ ಪುರಾಣದಲ್ಲೂ ಓದಿದ್ದಲ್ಲ, ಆರ್.ಟಿ. ನಗರದ ನಮ್ಮ ಅಡುಗೆಮನೆಯ ಕಿಟಕಿಯ ಬಳಿ ನಿಂತು ಕಲಿತದ್ದು. ಕಿಟಕಿಯಾಚೆ ಒಂದು ಖಾಲಿ ಸೈಟು. ಅದರ ಮಾಲೀಕರು ಬೊಂಬಾಯಿಯಲ್ಲೋ ಎಲ್ಲೋ ಇದ್ದರಂತೆ. ಅವರಿಗೆ ಸೈಟಿನ ನೆನಪಿರಲಿಲ್ಲ, ನಮ್ಮ ಬೀದಿಯವರಿಗೆ ಚೆನ್ನಾಗಿತ್ತು. ತರಕಾರಿ ಸಿಪ್ಪೆ, ಊಟದ ಎಲೆ, ಹಿಂದಿನ ರಸ್ತೆಯ ಲೇತ್ ಶೆಡ್ಡಿನವರು ಕೈ ಒರೆಸಿದ ಎಣ್ಣೆ ಬಟ್ಟೆ, ಕಬ್ಬಿಣದ ಸುರುಳಿ, ಎಲ್ಲಕ್ಕೂ ಅದೇ ಗತಿ. ಕಾರ್ಪೊರೇಷನ್ನಿನ ಸಿಮೆಂಟು ತೊಟ್ಟಿ ಬೀದಿಯ ತುದಿಯಲ್ಲಿತ್ತು. ಮರ್ಯಾದಸ್ಥರು ಅಷ್ಟು ದೂರ ಕಸ ಹೊತ್ತು ನಡೆಯುವುದುಂಟೆ? ಕಿಟಕಿ ತೆರೆದರೆ ನೊಣ, ಮುಚ್ಚಿದರೆ ಸೀಮೆಎಣ್ಣೆ ಸ್ಟೌವಿನ ಹೊಗೆ. ಅಡುಗೆಮನೆಗೆ ಒಂದಿಷ್ಟು ಒಳ್ಳೆಯ ಗಾಳಿ ಕೊಡಪ್ಪಾ ಎಂದು ದಿನವೂ ಬೇಡುತ್ತಿದ್ದೆ.

ಬಾಗಲೂರಿನ ನನ್ನ ತವರಿನಲ್ಲಿ ತಿಪ್ಪೆಗೂ ಗೌರವವಿತ್ತು. ಹೆಣ್ಣು ನೋಡಲು ಬಂದವರು ತಿಪ್ಪೆಯ ಎತ್ತರ ನೋಡಿಯೇ ಮನೆಯ ಸ್ಥಿತಿಗತಿ ಅಳೆಯುತ್ತಿದ್ದರು. ಆ ಲೆಕ್ಕದಲ್ಲಿ ಆರ್.ಟಿ. ನಗರದಲ್ಲಿ ನಮ್ಮಷ್ಟು ಶ್ರೀಮಂತರು ಬೇರೆ ಯಾರೂ ಇರಲಿಲ್ಲ. ಎದುರುಮನೆಯ ಸರೋಜಮ್ಮನವರಿಗೆ ಒಮ್ಮೆ ಮೆಲ್ಲಗೆ ಹೇಳಿ ನೋಡಿದೆ. "ಅಯ್ಯೋ, ನಾನೊಬ್ಳು ಹಾಕೋದ್ರಿಂದ ಏನಾಗೋಗತ್ತೆ ಕಣ್ರೀ? ನಂದು ಬರೀ ಬೀನ್ಸ್ ನಾರು!" ಎಂದು ನಕ್ಕು, ಬಕೆಟ್ಟು ಬೋರಲು ಹಾಕಿ ಹೋದರು.

ಹೊಸ ವರ್ಷಕ್ಕೆ ದಿನಸಿ ಅಂಗಡಿಯವರು ಹೊಸ ಕ್ಯಾಲೆಂಡರು ಕೊಟ್ಟರು. ಹಳೆಯದರಲ್ಲಿ ಸಾಕ್ಷಾತ್ ವೆಂಕಟರಮಣ. ಎಸೆಯುವಂತಿಲ್ಲ, ಸುಡುವಂತಿಲ್ಲ, ಗೋಡೆಯಲ್ಲಿ ಜಾಗವಿಲ್ಲ. ಆಗ ಹೊಳೆಯಿತು ನೋಡಿ. ಪಟವನ್ನು ರಟ್ಟಿಗೆ ಅಂಟಿಸಿ, ಕುಂಕುಮವಿಟ್ಟು, ಸೈಟಿನ ಹೊಂಗೆ ಮರಕ್ಕೆ ಕಟ್ಟಿಬಂದೆ. ಮರುದಿನ ಬಕೆಟ್ಟು ಹಿಡಿದು ಬಂದ ಸರೋಜಮ್ಮನವರು ಗಕ್ಕನೆ ನಿಂತು, ಚಪ್ಪಲಿ ಬಿಟ್ಟು, ಕೆನ್ನೆ ಬಡಿದುಕೊಂಡು, ಬಂದ ದಾರಿಯಲ್ಲೇ ತಿರುಗಿದರು. ಲೇತ್ ಶೆಡ್ಡಿನವರೂ ಬರಲಿಲ್ಲ. ಬೀದಿ ಗುಡಿಸುವ ಯಲ್ಲಮ್ಮ ಹಳೆಯ ರಾಶಿಯನ್ನೆಲ್ಲ ಎತ್ತಿಕೊಂಡು ಹೋದಳು. ಕಿಟಕಿ ತೆರೆದೆ. ಗಾಳಿ ಬಂತು! ಸಂಭ್ರಮಕ್ಕೆ ಪಾಯಸ ಮಾಡಿದೆ. "ಕಾರ್ಪೊರೇಷನ್ ಕೈಲಿ ಆಗದ್ದನ್ನ ಒಂದು ಕ್ಯಾಲೆಂಡರ್ ಮಾಡಿಬಿಡ್ತಲ್ಲೇ" ಎಂದು ನಮ್ಮ ಯಜಮಾನರು ಎರಡನೆಯ ಲೋಟಕ್ಕೆ ಕೈ ಚಾಚಿದರು.

ಬಂದ ಶುಕ್ರವಾರ ಹೊಂಗೆಯ ಬುಡದಲ್ಲಿ ಗಾಜೊಡೆದ ಲಕ್ಷ್ಮಿಯ ಪಟವೊಂದು ಒರಗಿಕೊಂಡಿತ್ತು. ಆಮೇಲೆ ಸೊಂಡಿಲು ಮುರಿದ ಗಣಪತಿ ಬಂದ. ಹುಳು ತಿಂದ ಮಂಟಪ, ಒಣಗಿದ ತೋರಣ, ಸತ್ಯನಾರಾಯಣ ಪೂಜೆಯ ಬಾಳೆಕಂಬ, ಮನೆಮನೆಯ ನಿರ್ಮಾಲ್ಯ, ಹೀಗೆ ಒಂದೊಂದಾಗಿ ಬಂದವು. ಕಾಲಿಗೆ ಸಿಗುವ ಕಡೆ ಪೂಜೆಯ ಹೂ ಹಾಕಬಾರದೆಂದು ನನ್ನ ಹಾಗೆಯೇ ಎಲ್ಲರೂ ಒದ್ದಾಡುತ್ತಿದ್ದರೆಂದು ನನಗೇನು ಗೊತ್ತು? ನಾಲ್ಕು ಮಳೆ ಬಿದ್ದದ್ದೇ ತಡ, ಸೇವಂತಿಗೆ, ಬಾಳೆದಿಂಡು ಎಲ್ಲ ಕೊಳೆತು, ಹಿಂದಿನ ಬೀನ್ಸ್ ನಾರೇ ಎಷ್ಟೋ ವಾಸಿ ಅನ್ನಿಸಿತು.

ಯಲ್ಲಮ್ಮನನ್ನು ಕರೆದೆ. ಅವಳು ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಕಸ ಆದ್ರೆ ಎತ್ತೀನಿ ಕಣಮ್ಮಾ. ದೇವ್ರನ್ನ ಎಂಗೆ ಕಸದ ಗಾಡಿಗಾಕ್ಲಿ? ನಾನೂ ಮಕ್ಳೊಂದಿಗಳು" ಎಂದಳು.

"ಹೂವನ್ನಾದ್ರೂ ಎತ್ತೇ."

"ಅವನ ಪಾದದ ಹೂವಲ್ವಾ? ನೀವೇ ಎತ್ರಮ್ಮ, ಮಡಿಯೋರು."

ಉಳಿದದ್ದು ಒಂದೇ ದಾರಿ. ಕರೆತಂದವಳೇ ಕಳಿಸಿಕೊಡಬೇಕು. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಹೋಗಿ, ಹೂ, ಕರ್ಪೂರದ ತಟ್ಟೆ ಕೆಳಗಿಟ್ಟು, ತಪ್ಪಾಯ್ತಪ್ಪಾ ಎಂದು ಕೈಮುಗಿದು ದಾರದ ಗಂಟಿಗೆ ಕೈ ಹಾಕಿದ್ದೆ. ಹಿಂದಿನಿಂದ ಸರೋಜಮ್ಮನವರ ದನಿ: "ನೀವೇನಾ ದಿನಾ ಪೂಜೆ ಮಾಡೋರು? ನಾನು ಅಂದ್ಕೊಂಡೆ ಕಣ್ರೀ, ಇಷ್ಟು ಭಕ್ತಿ ಇನ್ಯಾರಿಗಿದೆ ಈ ಬೀದೀಲಿ! ನಮ್ಮ ಯಜಮಾನ್ರ ಪ್ರಮೋಷನ್ನಿಗೂ ಒಂದ್ ಮಂಗಳಾರತಿ ಎತ್ತಿಬಿಡಿ." ಅವರ ಕೈಯಲ್ಲಿ ಹಣ್ಣುಕಾಯಿಯೂ ಇತ್ತು. ಬಿಚ್ಚಲು ಹೋದ ಗಂಟನ್ನು ಇನ್ನಷ್ಟು ಬಿಗಿ ಮಾಡಿ ಬಂದೆ. ಭಕ್ತೆ ಅನ್ನಿಸಿಕೊಂಡದ್ದು ಹಿತವಾಗಿಯೇ ಇತ್ತಲ್ಲ.

ಸರೋಜಮ್ಮನವರ ಯಜಮಾನರಿಗೆ ಪ್ರಮೋಷನ್ ಸಿಕ್ಕಿಯೇಬಿಟ್ಟಿತು. ಇನ್ನು ಕೇಳಬೇಕೆ? ಇಡೀ ಬೀದಿಯ ಪರವಾಗಿ ಈಗ ನಾನೇ ಅರ್ಚಕಿ. ಮಳೆಯಿದ್ದ ದಿನ ಅಡುಗೆಮನೆಯಿಂದಲೇ ಆರತಿ ಎತ್ತಬೇಕಾದ್ದರಿಂದ ಕಿಟಕಿಯನ್ನು ಮುಚ್ಚುವ ಹಾಗೂ ಇಲ್ಲ, ದೇವರೆದುರು ಮೂಗು ಹಿಡಿಯುವ ಹಾಗೂ ಇಲ್ಲ. ಆದರೂ ಅವನು ದಯಾಮಯ. ಆರತಿ ಮುಗಿಯುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತೇನಲ್ಲ, ಈ ವಯಸ್ಸಿನಲ್ಲಿ ಪ್ರಾಣಾಯಾಮ ತಾನಾಗಿಯೇ ಕೈಗೂಡುತ್ತಿದೆ.