ರಾಚಪ್ಪ ಕಲಿತ ಭಿನ್ನರಾಶಿ

ತೊಂದರೆ ಶುರುವಾದದ್ದು ಅಂಗೈಯಗಲದ ಒಂದು ಚೀಟಿಯಿಂದ. ಇಳಕಲ್ಲಿನ ನೇಕಾರರ ಸಂಘವೊಂದರ ಬಾಗಿಲಿಗೆ ಅದನ್ನು ಬೆಳಿಗ್ಗೆ ಅಂಟಿಸಿದ್ದರು: ಬಾಗಲಕೋಟೆಯಲ್ಲಿ ಹತ್ತು ದಿನದ ತರಬೇತಿ, ಮುಗಿಸಿದವರಿಗೆ ಸೀರೆ ಅಳೆದು ನೋಡುವ ಕೆಲಸ, ಆಯ್ಕೆಗಾಗಿ ಇಂದು ನಾಲ್ಕು ಗಂಟೆಗೆ ಭಿನ್ನರಾಶಿಯ ಸರಳ ಲೆಕ್ಕದ ಪರೀಕ್ಷೆ.

ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಎಂದು ಕೇಳಿದ್ದೇ ರಾಚಪ್ಪನಿಗಿಂತ ಮೊದಲು ಅವನ ಮೊಣಕಾಲು ಎದ್ದು ನಿಂತಿತು. ಮೂವತ್ತು ವರ್ಷ ತಗ್ಗಿನಲ್ಲಿ ಕಾಲಿಳಿಸಿ ಕೈಮಗ್ಗ ತುಳಿದ ಮೊಣಕಾಲು. ಈಗೀಗ ಮಗ್ಗಕ್ಕಿಂತ ಜಾಸ್ತಿ ಸದ್ದು ಮಾಡುತ್ತಿತ್ತು. ಆದರೆ ಅವನ ಓದು ನಾಲ್ಕನೆಯ ಇಯತ್ತೆಗೇ ನಿಂತಿತ್ತು. ಒಂದೂಕಾಲಿಗೆ ಸವ್ವಾ, ಒಂದೂವರೆಗೆ ದೀಡ ಎಂದು ಬಾಯಲ್ಲಿ ಹೇಳಬಲ್ಲ. ಗೆರೆಯ ಮೇಲೊಂದು ಕೆಳಗೊಂದು ಅಂಕಿ ಬರೆದರೆ ಮಾತ್ರ ಸ್ಲೀಪರ್ ಬಸ್ಸಿನಲ್ಲಿ ಇಬ್ಬರು ಮಲಗಿದಂತೆ ಕಾಣುತ್ತಿತ್ತು.

ಎದುರು ಮನೆಯ ಸುಲ್ತಾನಾ ಟೀಚರಿಗೆ ಅಂದು ರಜೆ. ಕಟ್ಟೆಯ ಮೇಲೆ ಪಾಠಕ್ಕೆ ಕೂತರು. ರಾಚಪ್ಪನ ಹೆಂಡತಿ ಕಾಳವ್ವ ಬಿಸಿ ಜೋಳದ ರೊಟ್ಟಿ ತಂದಿಟ್ಟಳು. ಟೀಚರು ಒಂದನ್ನು ಮೂರು ಪಾಲು ಮಾಡಿದರು, ಇನ್ನೊಂದನ್ನು ನಾಲ್ಕು. ಅಷ್ಟರಲ್ಲಿ ಪಕ್ಕದ ಮನೆಯ ನೇಕಾರ ನಾಗಲಿಂಗ ಕರೆಯದೆಯೇ ಬಂದು ಕೂತ. ಅವನೂ ಪರೀಕ್ಷೆ ಬರೆಯುವವನೇ. ಆದರೆ ಅವನು ಬಂದದ್ದು ಕಲಿಯಲಿಕ್ಕಲ್ಲ, ಕಲಿಸಲಿಕ್ಕೆ.

"ಮೂರರಾಗಿನ ಒಂದ ಪಾಲ ದೊಡ್ಡದೋ, ನಾಕರಾಗಿನ ಒಂದ ಪಾಲ ದೊಡ್ಡದೋ, ಹೇಳ್ರಿ ಕಾಕಾ," ಎಂದರು ಟೀಚರು.

ರಾಚಪ್ಪ ಬಾಯಿ ತೆರೆಯುವ ಮೊದಲೇ ನಾಗಲಿಂಗ, "ನಾಕರದ್ದ ದೊಡ್ಡದ್ರಿ. ಮೂರಕ್ಕಿಂತ ನಾಕ ದೊಡ್ಡದ ಅಲ್ಲೇನು?" ಎಂದ.

ಟೀಚರು ಎರಡೂ ಪಾಲನ್ನು ಅವನ ಮುಂದಿಟ್ಟು ಹೋಲಿಸಿ ನೋಡಲು ಹೇಳಿದರು. ಅವನು ಎರಡನ್ನೂ ಶೇಂಗಾ ಚಟ್ನಿಯಲ್ಲಿ ಅದ್ದಿ ತಿಂದು, ಎರಡೂ ಸಣ್ಣವೇ ಎಂದು ತೀರ್ಪು ಕೊಟ್ಟ.

ಆರು ರೊಟ್ಟಿ ಹೀಗೇ ಮುಗಿದವು. ಏಳನೆಯದನ್ನು ಕೊಡಲು ಕಾಳವ್ವ ಒಪ್ಪಲಿಲ್ಲ. ಟೀಚರು ಸೀಮೆಸುಣ್ಣ ತಂದು ಕಟ್ಟೆಯ ಮೇಲೆಯೇ ಅರ್ಧಕ್ಕೆ ಮೂರರಲ್ಲೊಂದು ಪಾಲು ಕೂಡಿಸಲು ಹೇಳಿದರು. ರಾಚಪ್ಪ ಮೇಲಿನವನ್ನು ಮೇಲೆ, ಕೆಳಗಿನವನ್ನು ಕೆಳಗೆ ಕೂಡಿಸಿ, ಐದರಲ್ಲಿ ಎರಡು ಎಂದ.

"ಅರ್ಧಾಕ್ಕ ಇನ್ನಷ್ಟ ಕೂಡ್ಸಿದ್ರ ಅರ್ಧಾಕ್ಕಿಂತ ಕಮ್ಮಿ ಹೆಂಗ ಆಗತೈತ್ರಿ ಕಾಕಾ?"

ಆ ಪ್ರಶ್ನೆ ಅವನಿಗೆ ನಾಟಿತು. ಸೀಮೆಸುಣ್ಣದಿಂದ ಕಟ್ಟೆಯ ಮೇಲೆ ಎರಡು ರೊಟ್ಟಿ ಬರೆದ. ಆಮೇಲೆ ಮೆಲ್ಲಗೆ, ಎರಡೂ ರೊಟ್ಟಿಯನ್ನು ಆರಾರು ತುಂಡು ಮಾಡಿದರೆ ಇಲ್ಲಿ ಮೂರು, ಅಲ್ಲಿ ಎರಡು, ಒಟ್ಟು ಆರರಲ್ಲಿ ಐದು ಎಂದ. ಟೀಚರು ತಲೆಯಾಡಿಸಿದರು. ಐವತ್ತೆರಡರ ರಾಚಪ್ಪ ತನ್ನಷ್ಟಕ್ಕೆ ತಾನೇ ನಕ್ಕ.

ಪರೀಕ್ಷೆಯಲ್ಲಿ ಅವನಿಗೆ ಹತ್ತಕ್ಕೆ ಹತ್ತು, ನಾಗಲಿಂಗನಿಗೆ ಸೊನ್ನೆ. ಐದೂವರೆಗೆ ಪರೀಕ್ಷೆ ನಡೆಸಿದ ಅಧಿಕಾರಿ, ಆಯ್ಕೆಯಾದವರ ಪಟ್ಟಿ ಓದಿದರು. ಮೊದಲ ಹೆಸರು ನಾಗಲಿಂಗನದು. ರಾಚಪ್ಪನ ಹೆಸರು ಎಲ್ಲೂ ಇರಲಿಲ್ಲ. ಉತ್ತರದ ಹಾಳೆ ಹಿಡಿದು ಅಧಿಕಾರಿಯ ಬಳಿ ಹೋದ.

"ತರಬೇತಿ ಇರೂದು ಲೆಕ್ಕ ಬರದವರಿಗೆ ರೀ," ಅವರು ಸಮಾಧಾನವಾಗಿ ಹೇಳಿದರು. "ನಿಮಗ ಎಲ್ಲಾ ಬರತೈತಿ. ನಿಮಗ್ಯಾಕ ಬೇಕ ಅದು?"

ಹಾಗಾದರೆ ಕೆಲಸವನ್ನೇ ಕೊಡಿ ಎಂದು ರಾಚಪ್ಪ ಕೇಳಿಕೊಂಡ. ಕೆಲಸಕ್ಕೆ ತರಬೇತಿಯ ಸರ್ಟಿಫಿಕೇಟು ಬೇಕೇಬೇಕು ಎಂದರು ಅವರು.

ಸಂಜೆ ನಾಗಲಿಂಗ ಹೆಗಲಿಗೆ ಚೀಲ ಹಾಕಿಕೊಂಡು ರಾಚಪ್ಪನ ಮನೆಗೆ ಬಂದ.

"ಅಣ್ಣಾ, ನಾ ಬಾಗಲಕೋಟಿಗೆ ಹೊಂಟೇನಿ. ನನ್ನ ಮಗ್ಗದ ಮ್ಯಾಲ ಅರ್ಧಾ ಸೀರಿ ಉಳದೈತಿ, ಹತ್ತ ದಿನದಾಗ ಕೊಡಬೇಕು. ಅಷ್ಟ ನೀನ ನೇಯ್ದ ಬಿಡು."

ರಾಚಪ್ಪನ ಮಗ್ಗದಲ್ಲಿ ಇಡೀ ಒಂದು ಸೀರೆ ಕಾದಿತ್ತು. ಒಂದಕ್ಕೆ ಅರ್ಧ ಕೂಡಿಸಿದ: ಮೇಲೆ ಮೂರು, ಕೆಳಗೆ ಎರಡು. ಲೆಕ್ಕ ಒಂದೇ ಸಲಕ್ಕೆ ಸರಿಯಾಗಿ ಬಂತು.