ಹಿತ್ತಲ ಜಂಕ್ಷನ್

ಬಡಗಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಆ ದಿನದ ಅನಾಹುತಕ್ಕೆಲ್ಲ ಮೂಲ ಇಷ್ಟೇ.

ನಕ್ಷೆಯಲ್ಲಿ ಏನೂ ಕೊರತೆಯಿರಲಿಲ್ಲ. ವಿಮಾ ಕಂಪನಿಯಲ್ಲಿ ಮೂವತ್ತಮೂರು ವರ್ಷ ಹೆಡ್ ಕ್ಲಾರ್ಕ್ ಆಗಿದ್ದು ಮೂರು ತಿಂಗಳ ಹಿಂದೆ ನಿವೃತ್ತರಾದವರು ಹನ್ನೊಂದು ದಿನ ಕೂತು ಬರೆದ ನಕ್ಷೆ ಅದು. ಕಾಗದದ ನಾಲ್ಕೂ ಮೂಲೆಗೆ ರುಜು ಬೇರೆ. ಬೀದಿಯವರು ಅವರನ್ನು ಸ್ಟೇಷನ್ ಮಾಸ್ಟರು ಎಂದೇ ಕರೆಯುತ್ತಿದ್ದರು. ನಿಜವಾದ ರೈಲಿಗೂ ಅವರಿಗೂ ಆಗಿಬರುತ್ತಿರಲಿಲ್ಲ. ಎರಡನೆಯ ನಿಲ್ದಾಣ ಬರುವಷ್ಟರಲ್ಲಿ ಹೊಟ್ಟೆ ತೊಳಸಿ, ಕಿಟಕಿ ಪಕ್ಕದವರನ್ನು ಎಬ್ಬಿಸುವ ಪೈಕಿ ಅವರು. ಅವರದು ಹೆಬ್ಬೆರಳಿನಷ್ಟು ಎತ್ತರದ ಎಂಜಿನ್ನು, ಏಳು ಡಬ್ಬಿಗಳ ಕಿರುರೈಲು. ಹದಿನೇಳು ವರ್ಷದಿಂದ ಮನೆಯ ಊಟದ ಮೇಜಿನ ಮುಕ್ಕಾಲು ಭಾಗ ಆ ರೈಲ್ವೆಗೆ ಸೇರಿತ್ತು. ಉಳಿದ ಕಾಲು ಭಾಗದಲ್ಲಿ ಗಂಡ ಹೆಂಡತಿ ಮೊಣಕೈ ಮಡಿಚಿಕೊಂಡು ಉಣ್ಣುತ್ತಿದ್ದರು.

ಎಂಜಿನ್ನಿನ ಬಗ್ಗೆ ಅವರಿಗೆ ಬಹಳ ಹೆಮ್ಮೆ. ರಾತ್ರಿ ಮುನಿಸಿಕೊಂಡು ನಿಂತದ್ದು ಮರುದಿನ ಅವರು ಆಫೀಸಿನಿಂದ ಬರುವಷ್ಟರಲ್ಲಿ ತಾನಾಗಿ ಸರಿಹೋಗಿರುತ್ತಿತ್ತು. "ಒಳ್ಳೇ ಮಾಲು. ವಿಶ್ರಾಂತಿ ಕೊಟ್ರೆ ಸಾಕು, ಅದರ ಕಾಯಿಲೆ ಅದೇ ವಾಸಿ ಮಾಡ್ಕೊಳ್ಳತ್ತೆ" ಎಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ನಿವೃತ್ತಿಯಾಗಿ ಇವರು ಮನೆಯಲ್ಲೇ ಕೂತ ಮೇಲೆ ಯಾಕೋ ಅದಕ್ಕೂ ಮೈ ಸರಿಯಿರಲಿಲ್ಲ. ಕೆಮ್ಮುತ್ತ ಓಡುತ್ತಿತ್ತು.

ಊರಿನಲ್ಲಿ ಕಿರುರೈಲು ಹವ್ಯಾಸಿಗಳ ಸಂಘ ಒಂದಿತ್ತು. ಅದರ ಸದಸ್ಯರು ಹಿತ್ತಾಳೆ ಬಿಲ್ಲೆಯ ನೀಲಿ ಟೋಪಿ ಹಾಕುತ್ತಿದ್ದರು. ಆ ಟೋಪಿಗಾಗಿ ಸ್ಟೇಷನ್ ಮಾಸ್ಟರು ಎರಡು ಸಲ ಅರ್ಜಿ ಹಾಕಿದ್ದರು. ಎರಡು ಸಲವೂ ಒಂದೇ ಉತ್ತರ: "ಎಂಜಲು ಬೀಳುವ ಸ್ಥಳದಲ್ಲಿ ಹಾಸಿದ ಹಳಿಗಳನ್ನು ಸಂಘವು ಶಾಶ್ವತ ಮಾರ್ಗವೆಂದು ಪರಿಗಣಿಸುವುದಿಲ್ಲ." ಮೂರನೆಯ ಅರ್ಜಿಯೇ ಕೊನೆಯದು, ಆಮೇಲೆ ಟೋಪಿಯ ಆಸೆಯನ್ನು ಬಿಟ್ಟುಬಿಡಬೇಕು. ಆ ಮೂರನೆಯ ಅರ್ಜಿಯ ಮೇಲೆ ಇವತ್ತು ಸಂಜೆ ಐದಕ್ಕೆ ಸಂಘದ ಕಾರ್ಯದರ್ಶಿ ಬರುವವರಿದ್ದರು. ಅವರೆದುರು ಗಾಡಿ ಎಲ್ಲೂ ನಿಲ್ಲದೆ ಮೂರು ಸುತ್ತು ಹೊಡೆಯಬೇಕು.

ಹಿತ್ತಲಲ್ಲಿ ಮರದ ಕೋಣೆ ಕಟ್ಟಿಸುವ ಯೋಚನೆ ಹೆಂಡತಿಯದು. ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಆಕೆ ಒಂದು ದಿನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತ, "ರೀ, ನನ್ನ ಗುಲಾಬಿ ಪಾತಿ ಹೋದ್ರೆ ಹೋಗ್ಲಿ. ಅಲ್ಲೊಂದು ಕೋಣೆ ಮಾಡ್ಸಿ. ಮೇಜು ಬಿಡುಗಡೆಯಾಗತ್ತೆ" ಎಂದಿದ್ದರು. ಸ್ಟೇಷನ್ ಮಾಸ್ಟರ ಕಣ್ಣು ಒದ್ದೆಯಾಗಿತ್ತು. ಇಂಥ ತ್ಯಾಗ ಯಾವ ಹೆಂಡತಿ ಮಾಡುತ್ತಾಳೆ? ನಾಲ್ಕು ಗೋಡೆ, ಸೂರು ಹಿಂದಿನ ದಿನವೇ ಎದ್ದಿದ್ದವು, ಒಳಗಿನ ಮೇಜು ಮಾತ್ರ ಬಾಕಿ.

ಬೆಳಿಗ್ಗೆ ಎಂಟಕ್ಕೆ ಬಡಗಿ ನಕ್ಷೆಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹಿಡಿದು ನೋಡಿ, ಅದರಲ್ಲಿ ಮೊಳೆ ಕಟ್ಟಿ ಜೇಬಿಗಿಟ್ಟ.

"ಸಾರ್, ಗೋಡೆಗೆ ತಾಗಿ ಸುತ್ತ ಮೇಜು, ನಡುವೆ ನಿಲ್ಲೋ ಗುಂಡಿ. ಅಷ್ಟು ತಿಳೀತು. ಇನ್ನು ಈ ಗೀಟು ಗೋಟು ನಂಗೆ ಬೇಡ. ಹುರಿ ಅಳತೆ ಕೊಡಿ. ನಿಂತು ಕೆಲ್ಸ ಮಾಡೋರ ಮೊಣಕೈ ಎತ್ತರಕ್ಕೊಂದು ಗಂಟು, ಒಳಗೆ ನುಸುಳೋ ಕಿಂಡಿಗೊಂದು, ಗುಂಡಿ ಅಗಲಕ್ಕೊಂದು. ಮೂರು ಗಂಟು ಇದ್ರೆ ಅರಮನೆನೇ ಕಟ್ತೀನಿ."

ಸ್ಟೇಷನ್ ಮಾಸ್ಟರು ಆಗ ಅಕ್ಕಿ ಕಾಳಿನಷ್ಟಿದ್ದ ಟಿಕೆಟ್ ಕಲೆಕ್ಟರನಿಗೆ ಒಂದೇ ಕೂದಲಿನ ಕುಂಚದಿಂದ ಟೈ ಬರೆಯುತ್ತಿದ್ದರು. "ಒಳಗೆ ಹೋಗಿ ಹುರಿ ಇಸ್ಕೊಳ್ಳಪ್ಪ. ಕೈ ನಡುಗಿದ್ರೆ ಇವನ ಕುತ್ತಿಗೆ ಹೋಗತ್ತೆ" ಎಂದರು. ಬಡಗಿ ಅಡುಗೆಮನೆ ಬಾಗಿಲಿಗೆ ಹೋಗಿ ಮೂರು ಗಂಟಿನ ಹುರಿಯೊಂದಿಗೆ ಬಂದ. ಟೈ ಅಂದವಾಗಿ ಮೂಡಿತ್ತು.

ಹತ್ತು ಗಂಟೆಗೆ ಮೇಲ್ವಿಚಾರಣೆ ಶುರುವಾಯಿತು. ಸ್ಟೇಷನ್ ಮಾಸ್ಟರು ಕೋಣೆಯ ನಟ್ಟನಡುವೆ ನಿಂತು ಕೈ ಬೀಸುತ್ತ, "ಅಲ್ಲಿ, ಇನ್ನೂ ಸ್ವಲ್ಪ ಈಚೆ" ಎನ್ನುತ್ತಿದ್ದರು. ಬಡಗಿ ಅವರ ಸುತ್ತಲೇ ಹಲಗೆ ಜೋಡಿಸುತ್ತ ಹೋದ, ಜೋಡಿಸಿದ ಹಲಗೆಯ ಮೇಲೆ ಅವರು ಹಳಿ ಹಾಸಿ, ಪ್ರಯಾಣಿಕರನ್ನು ನಿಲ್ಲಿಸುತ್ತ ಬಂದರು. ಹಲಗೆಯ ಕೆಳಗೆ ಸಾಮಾನಿಡಲು ಖಾನೆಗಳನ್ನೂ ಮಾಡಿದ. ಒಂದು ಕಡೆ ಮಾತ್ರ ಕಿಂಡಿ. ಬಾಗಿಲ ಬಳಿ ನಾಲ್ಕೈದು ಜನ ನಿಲ್ಲುವಷ್ಟು ಜಾಗ.

ಹನ್ನೊಂದಕ್ಕೆ ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ಟರು ಬಂದರು. ಕೈಯಲ್ಲಿ ಒಂದು ಗುಡ್ಡ. ಯಾವುದೋ ಕಾಲದ ಶಾಲಾ ವಸ್ತುಪ್ರದರ್ಶನಕ್ಕೆ ಗೋಣಿ ಮತ್ತು ಹಳೇ ಕಾಗದದಿಂದ ಮಾಡಿದ್ದು. ಅದನ್ನು ಎಸೆಯಿರಿ ಎಂದು ಅವರ ಮನೆಯವರು ಹೇಳುತ್ತ ಬಂದು ಒಂದು ತಲೆಮಾರು ಕಳೆದಿತ್ತು.

"ಏನಯ್ಯಾ ಸ್ಟೇಷನ್ ಮಾಸ್ಟ್ರೇ, ಗುಡ್ಡ ಇಲ್ಲದ ರೈಲು ದಾರಿ ಒಂದು ದಾರಿಯೇ? ಇದಕ್ಕೆ ಪ್ರಥಮ ಬಹುಮಾನ ಬಂದಿತ್ತು ಗೊತ್ತೇನು? ಸುರಂಗ ಸಮೇತ!"

"ಸಾರ್, ನಕ್ಷೆಯಲ್ಲಿ ಗುಡ್ಡ ಇಲ್ಲ..."

"ಭೂಮಿಯ ನಕ್ಷೆಯಲ್ಲಿ ಇದೆಯಲ್ಲಪ್ಪಾ!" ಎಂದು ಅವರು ಅದನ್ನು ದೂರದ ಮೂಲೆಯಲ್ಲಿ ಹಳಿಯ ಮೇಲೆ ಕೂರಿಸಿ, ತಾವೇ ಅಂಟು ಬಳಿದು, ಕೈ ಒರೆಸಿಕೊಂಡರು. ಎಸೆಯಲಾಗದ್ದನ್ನು ದಾನ ಮಾಡಿದವರ ಮುಖದಲ್ಲಿ ಇರುವಂಥ ಕಳೆ ಅವರ ಮುಖದಲ್ಲಿತ್ತು.

ಮಧ್ಯಾಹ್ನ ಭಾವಮೈದ ಬಂದ. ಅವನದು ವಿದ್ಯುತ್ ಸಾಮಾನಿನ ಅಂಗಡಿ. ಯಾರೋ ಗಿರಾಕಿ ವಾಪಸು ತಂದುಕೊಟ್ಟ ಫ್ಯಾನನ್ನು ಹೊತ್ತು ತಂದಿದ್ದ.

"ಭಾವ, ಗಾಳಿ ಇಲ್ದೆ ಸತ್ತೋಗ್ತೀರ. ಇದು ನಮ್ಮ ಕಡೆಯಿಂದ ಉಡುಗೊರೆ."

"ಬೇಡ ಕಣೋ. ಇಲ್ಲಿ ಹುಲ್ಲು, ಜನ ಎಲ್ಲ ಹಗುರ..."

"ನೀವು ಸುಮ್ನಿರಿ ಭಾವ."

ಹುಲ್ಲೆಂದರೆ ಹಸಿರು ಬಣ್ಣ ಹಚ್ಚಿದ ಮರದ ಹೊಟ್ಟು. ಅಂಟು ಇನ್ನೂ ಹಸಿ. ಗಿರಾಕಿ ಆ ಫ್ಯಾನನ್ನು ಯಾಕೆ ವಾಪಸು ತಂದಿದ್ದನೆಂಬುದು ಸ್ವಿಚ್ ಒತ್ತಿದ ಕೂಡಲೇ ತಿಳಿಯಿತು: ಅದಕ್ಕೆ ಒಂದೇ ವೇಗ, ಬಿರುಗಾಳಿಯದು. ಎರಡು ಎಕರೆ ಹುಲ್ಲುಗಾವಲು ಎದ್ದು ಸ್ಟೇಷನ್ ಮಾಸ್ಟರ ತಲೆ, ಮೀಸೆ, ಹುಬ್ಬಿಗೆ ಅಂಟಿಕೊಂಡಿತು. ಮೂವತ್ತಾರು ಪ್ರಯಾಣಿಕರು ಸಾಮಾನು ಸಮೇತ ಹಾರಿಹೋದರು. ಟೈ ಕಟ್ಟಿದ ಟಿಕೆಟ್ ಕಲೆಕ್ಟರ ಹೆಡ್ಮಾಸ್ಟರ ಕಿವಿಯಲ್ಲಿ ಸಿಕ್ಕಿದ.

"ಭಾವ, ನೀವು ಒಳ್ಳೇ ಗಿಡ ಆಗಿದ್ದೀರ" ಎಂದ ಭಾವಮೈದ, ಸಮಾಧಾನ ಹೇಳುವ ದನಿಯಲ್ಲಿ. ಆಮೇಲೆ ತಂತಿ ಎಳೆದ. ತಂತಿ ನಾಲ್ಕು ಮೊಳ ಸಾಲದೆ ಬಂದದ್ದರಿಂದ ಗಾಡಿ ಓಡಿಸುವ ಪೆಟ್ಟಿಗೆ ನಡುವಿನ ಗುಂಡಿಗೆ ತಲುಪಲಿಲ್ಲ. ಬಾಗಿಲ ಪಕ್ಕದಲ್ಲೇ ಬಿಗಿದ. "ಈಗ ಅಲ್ಲಿರ್ಲಿ, ನಾಳೆ ನೋಡೋಣ" ಎಂದ. ಅವನ ಅಂಗಡಿಯ ಫಲಕಕ್ಕಿಂತ ಈ ಮಾತೇ ಊರಲ್ಲಿ ಹೆಚ್ಚು ಪ್ರಸಿದ್ಧ.

ನಾಲ್ಕೂಕಾಲಿಗೆ ಬಡಗಿ ಕೊನೆಯ ಸ್ಕ್ರೂ ಬಿಗಿದು, "ಆಯ್ತು ಸಾರ್, ಈಚೆ ಬನ್ನಿ" ಎಂದ.

ಸ್ಟೇಷನ್ ಮಾಸ್ಟರು ಕಿಂಡಿಯ ಬಳಿ ಮಂಡಿಯೂರಿದರು. ತಲೆ ಬಂತು. ಭುಜ ಬಂತು. ಹೊಟ್ಟೆ ಬರಲಿಲ್ಲ. ಹಿಂದೆ ಸರಿದು ಅಂಗಾತವಾಗಿ ಪ್ರಯತ್ನಿಸಿದರು. ಅದೇ ಹೊಟ್ಟೆ, ಅದೇ ಕಿಂಡಿ. ಎದ್ದು ನಿಂತರೆ ಮೇಜು ಮೊಣಕೈಗೆ ಬರುವ ಬದಲು ತೊಡೆಗೆ ಬರುತ್ತಿತ್ತು. ಆಚೆ ಈಚೆ ತಿರುಗಿದರೆ ಗುಂಡಿಯ ಅಂಚು ತೊಡೆಗೆ ಉಜ್ಜುತ್ತಿತ್ತು. ಮೇಜು ಹತ್ತಿ ದಾಟೋಣವೆಂದರೆ ಸುತ್ತಲೂ ಹಳಿ, ಹಸಿ ಅಂಟು, ಪ್ರಯಾಣಿಕರು. ಉಡ ಹೊಕ್ಕ ಬಿಲದಲ್ಲಿ ಹೆಗ್ಗಣ ಹಿಡಿಸಬಹುದು. ಇಲ್ಲಿ ಆದದ್ದು ತಿರುಗುಮುರುಗು.

"ಏನಯ್ಯಾ ಇದು ಅಳತೆ! ಯಾರಿಗೆ ಮಾಡಿದೀಯ ಇದನ್ನ?"

"ಹುರಿ ಹೇಳಿದ ಹಾಗೆ ಮಾಡಿದೀನಿ ಸಾರ್. ಒಂದು ಎಳೆ ಆಚೀಚೆ ಇಲ್ಲ. ಬೇಕಾದ್ರೆ ಹಿಡಿದು ನೋಡಿ" ಎಂದ ಬಡಗಿ, ವೃತ್ತಿಯ ಮಾನಕ್ಕೆ ಪೆಟ್ಟು ಬಿದ್ದವನಂತೆ. ಆದರೆ ಒಳ್ಳೆಯವನು. "ಕೆಳಗಿನ ಖಾನೆ ಬಿಚ್ತೀನಿ. ಐದು ನಿಮಿಷ. ಎಲ್ಲ ಸ್ವಲ್ಪ ಅಲುಗಾಡತ್ತೆ, ಅಷ್ಟೆ" ಎಂದ.

"ಅಲುಗಾಡಿಸ್ಬೇಡ!" ಎಂದು ಸ್ಟೇಷನ್ ಮಾಸ್ಟರು ಕಿರುಚಿದರು. ಮೂವತ್ತಾರು ಪ್ರಯಾಣಿಕರನ್ನು ಆಗಷ್ಟೇ ಒಬ್ಬೊಬ್ಬರನ್ನಾಗಿ ಎತ್ತಿ ನಿಲ್ಲಿಸಿದ್ದರು. "ಕಾರ್ಯದರ್ಶಿಗಳು ಬಂದು ಹೋಗ್ಲಿ. ಅಲ್ಲಿವರೆಗೂ ಇಲ್ಲೇ ಇರ್ತೀನಿ. ಬೇಕಂತಲೇ ನಿಂತ ಹಾಗೆ ಕಾಣತ್ತೆ."

ಹಸಿರು ಮೀಸೆಯಲ್ಲಿ, ತೊಡೆ ಎತ್ತರದ ಮೇಜಿನ ನಡುವೆ, ಕುಂಡದಲ್ಲಿ ನೆಟ್ಟ ಗಿಡದ ಹಾಗೆ ನಿಂತವರು ಬೇಕಂತಲೇ ನಿಂತಂತೆ ಕಾಣುವುದು ಎಷ್ಟು ಸಾಧ್ಯವೋ ಅಷ್ಟು ಕಂಡರು. ಹೆಂಡತಿ ಬಂದು ನೋಡಿದರು. ನಗಲಿಲ್ಲ. ಮೇಜಿನ ಮೇಲಿಂದ ಕೈ ಚಾಚಿ ಅವರ ಹುಬ್ಬಿಗಂಟಿದ ಹುಲ್ಲನ್ನಷ್ಟೇ ಒರೆಸಿ ಹೋದರು.

ಐದಕ್ಕೆ ಸರಿಯಾಗಿ ಕಾರ್ಯದರ್ಶಿ ಬಂದರು. ಒಣಕಲು ಮೈ, ತಲೆಯ ಮೇಲೆ ನೀಲಿ ಟೋಪಿ, ಚೀಲದಲ್ಲಿ ಇನ್ನೊಂದು ನೀಲಿ ಟೋಪಿ. ಆ ಚೀಲದ ಮೇಲಿಂದ ಸ್ಟೇಷನ್ ಮಾಸ್ಟರ ಕಣ್ಣು ಕೀಳಲಿಲ್ಲ.

"ನೀವು... ಒಳಗಿನಿಂದಲೇ ಸ್ವಾಗತಿಸ್ತೀರೋ?"

"ಕರ್ತವ್ಯದ ಜಾಗ ಬಿಡಬಾರದು ನೋಡಿ ಸಾರ್."

ಕಾರ್ಯದರ್ಶಿ ಮೆಚ್ಚಿ ತಲೆದೂಗಿದರು. ಬಾಗಿಲ ಬಳಿ ಭಾವಮೈದ ಪೆಟ್ಟಿಗೆಯ ಹಿಡಿ ತಿರುಗಿಸಿದ. ಗಾಡಿ ಕೆಮ್ಮಿತು, ಹೊರಟಿತು, ಸ್ಟೇಷನ್ ದಾಟಿತು, ಸೇತುವೆ ದಾಟಿತು, ಹೆಡ್ಮಾಸ್ಟರ ಸುರಂಗ ಹೊಕ್ಕಿತು.

ಹೊಕ್ಕದ್ದು ಹೊಕ್ಕಿತು.

ಎಲ್ಲರೂ ಸುರಂಗದ ಇನ್ನೊಂದು ಬಾಯಿಯನ್ನು ನೋಡುತ್ತ ನಿಂತರು. "ಉದ್ದದ ಸುರಂಗ" ಎಂದರು ಹೆಡ್ಮಾಸ್ಟರು, ಮೆಲ್ಲಗೆ. ಸ್ಟೇಷನ್ ಮಾಸ್ಟರು ಗುಡ್ಡದ ಕಡೆ ಬಗ್ಗಿದರು. ಮೇಜು ತೊಡೆಗೆ ಒತ್ತಿತು, ಬೆನ್ನು 'ಕಟ್' ಎಂದಿತು, ಅರ್ಧ ಬಗ್ಗಿದವರು ಹಾಗೇ ನಿಂತುಬಿಟ್ಟರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಾರ್ಯದರ್ಶಿ ಗಡಿಯಾರ ತೆಗೆದರು. "ನಿಯಮದ ಪ್ರಕಾರ ಐದು ನಿಮಿಷ ಕಾಯ್ತೇನೆ" ಎಂದರು.

"ಲೋ, ಹಿಡಿ ಬಿಡೋ. ಸುರಂಗದಲ್ಲಿ ಮುದುಕಿಗೆ ಉಸಿರು ಕಟ್ತಿದೆ."

ಬಾಗಿಲಲ್ಲಿ ಹೆಂಡತಿ. ಆಕೆ ತಮ್ಮನ ಕೈಯನ್ನು ಪೆಟ್ಟಿಗೆಯಿಂದ ತೆಗೆದು, ಕಿಂಡಿಯ ಬಳಿ ಕುಕ್ಕುರು ಕೂತು, ನೀರಿಗಿಳಿದ ಮೀನಿನ ಹಾಗೆ ಸರಕ್ಕನೆ ನುಸುಳಿ ಗಂಡನ ಪಕ್ಕದಲ್ಲಿ ಉಳಿದಿದ್ದ ಗೇಣು ಜಾಗದಲ್ಲಿ ಎದ್ದರು. ಮೇಜು ಸರಿಯಾಗಿ ಆಕೆಯ ಮೊಣಕೈಗೆ ಬಂತು. ತುರುಬಿನಿಂದ ಹೊಲಿಗೆ ಯಂತ್ರದ ಪುಟ್ಟ ಸ್ಕ್ರೂಡ್ರೈವರ್ ಎಳೆದು, ಸುರಂಗದೊಳಗೆ ಕೈ ಹಾಕಿ ಎಂಜಿನ್ನು ತೆಗೆದು, ಗಾಲಿಗೆ ಸುತ್ತಿದ್ದ ಗೋಣಿಯ ಎಳೆ ಬಿಡಿಸಿ, ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಸೀಸೆಯಿಂದ ಒಂದು ಹನಿ ಎಣ್ಣೆ ಬಿಟ್ಟು, ಮತ್ತೆ ಹಳಿಗಿಟ್ಟರು. ಕೋಣೆಯಲ್ಲೆಲ್ಲ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಹದಿನೇಳು ವರ್ಷದಿಂದ ತಮ್ಮ ಎಂಜಿನ್ನಿಗೆ ಹುಟ್ಟುಗುಣವೆಂದು ಸ್ಟೇಷನ್ ಮಾಸ್ಟರು ನಂಬಿದ್ದ ವಾಸನೆ ಅದು.

ಬಂದ ಹಾಗೇ ನುಸುಳಿ ಹೊರಗೆ ಹೋಗಿ ಆಕೆ ಪೆಟ್ಟಿಗೆಯ ಹಿಡಿಗೆ ಕೈಯಿಟ್ಟರು. ಗಾಡಿ ಕೆಮ್ಮದೆ ಹೊರಟಿತು.

"ಎರಡನೇ ತಿರುವಲ್ಲಿ ಅವಳಿಗೆ ಮಂಡಿ ನೋವು, ನಿಧಾನ ಮಾಡ್ಬೇಕು. ಸೇತುವೆ ಮೇಲೆ ಓಡೋದಂದ್ರೆ ಅವಳಿಗೆ ಇಷ್ಟ" ಎಂದು ತಮ್ಮನಿಗೆ ಹೇಳಿಕೊಡುತ್ತ ಮೂರು ಸುತ್ತು ಮುಗಿಸಿ, ಪ್ಲಾಟ್‌ಫಾರಂನಲ್ಲಿ ಒಂದನೆಯ ಡಬ್ಬಿಯ ಬಾಗಿಲು ಟಿಕೆಟ್ ಕಲೆಕ್ಟರನ ಮೂಗಿನ ನೇರಕ್ಕೆ ಬರುವಂತೆ ನಿಲ್ಲಿಸಿದರು.

ಕಾರ್ಯದರ್ಶಿ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಅಮ್ಮಾ, ನೀವು ಎಷ್ಟು ವರ್ಷದಿಂದ..."

"ಹದಿನೇಳು ವರ್ಷ ಆಯ್ತು ಸಾರ್. ಇವರು ಆಫೀಸಿಗೆ ಹೋದ ಮೇಲೆ ಹತ್ತೂವರೆ ಗಾಡಿ, ಮಧ್ಯಾಹ್ನ ಎರಡರ ಗಾಡಿ. ಇವರು ಬರೋ ಹೊತ್ತಿಗೆ ಎಲ್ಲ ಇದ್ದ ಹಾಗೇ ಇಡ್ತಿದ್ದೆ, ಪಾಪ, ಬೇಜಾರು ಮಾಡ್ಕೋಬಾರದು ಅಂತ. ಇವರು ನಿವೃತ್ತರಾದಾಗಿಂದ ನನ್ನ ಒಂದು ಗಾಡಿನೂ ಹೊರಟಿಲ್ಲ. ಮೂರು ತಿಂಗಳು! ಅದಕ್ಕೇ ಗುಲಾಬಿ ಪಾತಿ ಕಿತ್ತು ಈ ಕೋಣೆ ಮಾಡ್ಸಿದ್ದು."

ಬಡಗಿ ಜೇಬಿನಿಂದ ಹುರಿ ತೆಗೆದು, ಗಂಟುಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದ. "ನಾನು ಹೇಳಿದ್ನಲ್ಲ? ಒಂದು ಎಳೆ ಆಚೀಚೆ ಇಲ್ಲ."

ಕಾರ್ಯದರ್ಶಿ ಚೀಲದಿಂದ ಟೋಪಿ ತೆಗೆದು ಆಕೆಯ ಕೈಗೆ ಕೊಟ್ಟರು. ಆಕೆ ಹಾಕಿಕೊಂಡರು. ಅದೂ ಅಳತೆಗೆ ಸರಿಯಾಗಿತ್ತು.

"ಸಾರ್!" ಎಂದು ಅರ್ಧ ಬಗ್ಗಿದಲ್ಲಿಂದಲೇ ಸ್ಟೇಷನ್ ಮಾಸ್ಟರು ಕೂಗಿದರು. "ಅರ್ಜಿ ನಂದು!"

"ಅರ್ಜಿ ನಿಮ್ಮದೇ. ಗಾಡಿ ಇವರದು. ಒಂದು ಮಾರ್ಗಕ್ಕೆ ಒಬ್ಬರೇ ಸದಸ್ಯರು ಅಂತ ನಿಯಮ. ಆದರೆ ಸದಸ್ಯರ ಮನೆಯವರು ಭಾನುವಾರ ಸಂಘದ ಕಿಟಕಿಯಿಂದ ನೋಡಬಹುದು" ಎಂದು ಕಾರ್ಯದರ್ಶಿ ಔದಾರ್ಯ ತೋರಿಸಿ ಹೊರಟುಹೋದರು.

ಬಡಗಿ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ. "ಈಗ ಖಾನೆ ಬಿಚ್ಲಾ ಅಮ್ಮಾ?"

"ಇರಪ್ಪ, ಅಲುಗಾಡತ್ತೆ. ಸಂಜೆ ಗಾಡಿ ಹೋಗಿಬಿಡ್ಲಿ. ಮೂರು ತಿಂಗಳಿಂದ ಜನ ಕಾಯ್ತಿದಾರೆ" ಎಂದು ಆಕೆ ಪ್ಲಾಟ್‌ಫಾರಂ ತೋರಿಸಿದರು. ಆಮೇಲೆ ಗಂಡನ ಮುಖ ನೋಡಿ, ಒಳಗೆ ಹೋಗಿ ಬಿಸ್ಕತ್ತು ತಂದರು. ಒಂದನ್ನು ಸರಕು ಡಬ್ಬಿಯ ಮೇಲಿಟ್ಟು, ಹಿಡಿ ತಿರುಗಿಸಿದರು. ಗಾಡಿ ಸೇತುವೆ ಹತ್ತಿ, ಎರಡನೇ ತಿರುವಲ್ಲಿ ನಿಧಾನ ಮಾಡಿ, ನೇರವಾಗಿ ಸ್ಟೇಷನ್ ಮಾಸ್ಟರ ಹಸಿರು ಮೀಸೆಯ ಕೆಳಗೆ ಬಂದು ನಿಂತಿತು.

ಅವರು ಬಿಸ್ಕತ್ತು ಎತ್ತಿಕೊಂಡರು. ಹಸಿವಾಗಿತ್ತು, ಸಿಟ್ಟು ಮಾಡಿಕೊಳ್ಳುವುದೋ ತಿನ್ನುವುದೋ ಎಂದು ಒಂದು ಕ್ಷಣ ಯೋಚಿಸಿ, ತಿಂದರು.

"ರೀ" ಎಂದರು ಹೆಂಡತಿ, ಟೋಪಿ ಸರಿಮಾಡಿಕೊಳ್ಳುತ್ತ. "ಇನ್ನೂ ಸ್ವಲ್ಪ ಬಗ್ಗಿ. ಸಿಗ್ನಲ್ ಕಾಣಿಸ್ತಿಲ್ಲ."